ಸಾಕುಹಕ್ಕಿಗೆ ಯಾವ ಟ್ರೀಟ್ ಕೊಡೋಣ? ನವಣೆ ತೆನೆಯಿಂದ ಮೊಟ್ಟೆಯವರೆಗೆ ಒಂದು ಹೋಲಿಕೆ

ನಮ್ಮ ಮನೆಯ ಜುಟ್ಟಿನ ಪುಟ್ಟ ಗಿಣಿ ಕೊಕಟೀಲ್‌ಗೆ ಸೂರ್ಯಕಾಂತಿ ಬೀಜದ ಡಬ್ಬಿಯ ಸದ್ದು ಗೊತ್ತು. ಅಡುಗೆಮನೆಯಲ್ಲಿ ಬೇರೆ ಯಾವ ಮುಚ್ಚಳ ತೆಗೆದರೂ ತಿರುಗಿ ನೋಡದ ಹಕ್ಕಿ, ಆ ಡಬ್ಬಿ 'ಟಪ್' ಎಂದರೆ ಸಾಕು, ಜುಟ್ಟು ನಿಗುರಿಸಿಕೊಂಡು ಪಂಜರದ ಸರಳಿಗೆ ಬಂದು ಅಂಟಿಕೊಳ್ಳುತ್ತಿತ್ತು. ಎರಡು ವರ್ಷ ಇದನ್ನು ನಾವು ಪ್ರೀತಿ ಅಂದುಕೊಂಡೆವು. ಬಂದವರಿಗೆಲ್ಲ ಡಬ್ಬಿ ತೆಗೆದು ತೋರಿಸಿದೆವು. ಅಮ್ಮ ಬೆಳಿಗ್ಗೆ ಹತ್ತು ಬೀಜ, ತಮ್ಮ ಸಂಜೆ ಹತ್ತು, ನಾನು ರಾತ್ರಿ ಒಂದಿಷ್ಟು. ಯಾರು ಎಷ್ಟು ಕೊಟ್ಟರೆಂದು ಯಾರೂ ಯಾರನ್ನೂ ಕೇಳಲಿಲ್ಲ.

ಮೂರನೆಯ ವರ್ಷ ಅದರ ಕೊಕ್ಕು ಉದ್ದುದ್ದ ಬೆಳೆಯತೊಡಗಿತು. ಎದೆಯ ಮೇಲೆ ಬೆರಳಾಡಿಸಿದರೆ ನಡುಮೂಳೆ ಸಿಗುತ್ತಿರಲಿಲ್ಲ, ಮೆತ್ತಗಿತ್ತು. ಪಕ್ಷಿವೈದ್ಯರ ಬಳಿ ತೂಕ ಹಾಕಿಸಿದರೆ 118 ಗ್ರಾಂ. "ಇದರ ಮೈಕಟ್ಟಿಗೆ ತೊಂಬತ್ತರ ಆಸುಪಾಸು ಇರಬೇಕು. ದಿನಾ ಏನು ಕೊಡ್ತೀರಿ, ಬಾಯಿಬಿಟ್ಟು ಹೇಳಿ" ಅಂದರು. ಯಕೃತ್ತಿನಲ್ಲಿ ಕೊಬ್ಬು ತುಂಬುತ್ತಿತ್ತು. ಪುಣ್ಯಕ್ಕೆ ಆಗಿನ್ನೂ ಶುರುವಿನ ಹಂತ. ಈ ಬರಹ ಅಂದು ಮನೆಗೆ ಬರುವ ದಾರಿಯಲ್ಲೇ ಶುರುವಾಯಿತು ಅನ್ನಬಹುದು. ಹಕ್ಕಿಗೆ ಟ್ರೀಟ್ ಕೊಡಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಯಾವುದನ್ನು, ಯಾಕೆ, ಎಷ್ಟು?

ಮೊದಲು ಬಟ್ಟಲು ನೋಡಿ

ನಮ್ಮ ಕಡೆ 'ಲವ್ ಬರ್ಡ್ಸ್' ಅಂತ ಕರೆಯುವ ಹಕ್ಕಿ ಬಹುತೇಕ ಸಲ ಬಜಿ, ಅಂದರೆ ಬಜರಿಗಾರ್. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಬಜಿಯೂ ಕೊಕಟೀಲೂ ಆಸ್ಟ್ರೇಲಿಯಾದ ಒಣನೆಲದವು. ಅಲ್ಲಿ ಅವು ಹುಲ್ಲಿನ ಕಾಳು ಹುಡುಕಿಕೊಂಡು ದಿನಕ್ಕೆ ಎಷ್ಟೋ ಕಿಲೋಮೀಟರ್ ಹಾರುತ್ತವೆ. ನಮ್ಮ ಹಾಲ್‌ನ ಪಂಜರದಲ್ಲಿ ಊಟ ಎರಡು ಹೆಜ್ಜೆ ದೂರ. ಕಾಳು ಅದೇ, ಹಾರಾಟ ಇಲ್ಲ.

ಹೆಚ್ಚಿನ ಮನೆಗಳಲ್ಲಿ ಬಜಿಯ ಬಟ್ಟಲಲ್ಲಿರುವುದು ನವಣೆ, ನವಣೆ, ಮತ್ತೆ ನವಣೆ. ಜಾಸ್ತಿ ದುಡ್ಡು ಕೊಟ್ಟರೆ 'ಮಿಕ್ಸ್' ಸಿಗುತ್ತದೆ: ನವಣೆಗೆ ಒಂದಿಷ್ಟು ಬರಗು, ಸಜ್ಜೆ, ಕೆನರಿ ಸೀಡ್. ಬರೀ ಕಾಳಿನ ಮೇಲೆ ಬದುಕುವ ಹಕ್ಕಿಗೆ ಎ ವಿಟಮಿನ್ ಮತ್ತು ಕ್ಯಾಲ್ಸಿಯಂ ಕಡಿಮೆ ಬೀಳುತ್ತವೆ. ಹಾಗಿರುವಾಗ ಇಂಥ ಹಕ್ಕಿಗೆ ಪ್ರೀತಿಯಿಂದ ನವಣೆ ತೆನೆ ತಂದು ಕಟ್ಟಿದರೆ, ಅನ್ನ ಉಂಡವನಿಗೆ ಮತ್ತೆ ಅನ್ನ ಬಡಿಸಿದ ಹಾಗೆ. ಅದಕ್ಕೆ ಬೇಕಿರುವ ಟ್ರೀಟ್ ಹಸಿರು ಮತ್ತು ಕಿತ್ತಳೆ ಬಣ್ಣದ್ದು, ಸೊಪ್ಪು ಕ್ಯಾರೆಟ್ ಥರದ್ದು. ಪೆಲೆಟ್, ಅಂದರೆ ಹಕ್ಕಿಗೆಂದೇ ತಯಾರಿಸಿದ ಗುಳಿಗೆಯಂಥ ಆಹಾರ ತಿನ್ನುವ ಹಕ್ಕಿಯಾದರೆ ಲೆಕ್ಕ ಬೇರೆ. ಅದರ ಪೋಷಕಾಂಶ ಪೆಲೆಟ್‌ನಲ್ಲಿದೆ, ಹಾಗಾಗಿ ನವಣೆ ತೆನೆ ಅದಕ್ಕೆ ನಿಜಕ್ಕೂ ಹಬ್ಬ.

ಅಂದರೆ ಟ್ರೀಟ್ ಆರಿಸುವಾಗ ಕೇಳಿಕೊಳ್ಳಬೇಕಾದ್ದು ಎರಡು. ಬಟ್ಟಲಲ್ಲಿ ಇಲ್ಲದ್ದು ಇದರಲ್ಲಿ ಏನಿದೆ? ಇದನ್ನು ನಾನು ಕೈಯಿಂದ ಕೊಡುತ್ತೇನೋ, ಬಟ್ಟಲಿಗೆ ಸುರಿಯುತ್ತೇನೋ? ಬಟ್ಟಲಿಗೆ ಸುರಿದ ಮೇಲೆ ಅದು ಊಟ, ಟ್ರೀಟ್ ಅಲ್ಲ. ಕಾಳು, ಬೀಜ, ಹಣ್ಣು ಎಲ್ಲ ಸೇರಿ ಟ್ರೀಟ್ ದಿನದ ಆಹಾರದ ಹತ್ತನೇ ಒಂದು ಪಾಲು ದಾಟಬಾರದು. ಸೊಪ್ಪು ತರಕಾರಿಗೆ ಮಾತ್ರ ಈ ಬಿಗಿ ಬೇಡ.

ನವಣೆ ತೆನೆಯೋ, ಸೂರ್ಯಕಾಂತಿಯೋ?

ಪೆಟ್ ಅಂಗಡಿಯಲ್ಲಿ 'ಮಿಲ್ಲೆಟ್ ಸ್ಪ್ರೇ' ಅಂತ ಚೆಂದದ ಪ್ಯಾಕೆಟ್‌ನಲ್ಲಿ ಮಾರುವುದು ನಮ್ಮ ನವಣೆಯ ತೆನೆಯೇ. ಮೊದಲ ಸಲ ಅದನ್ನು ಕೊಂಡು ತಂದಾಗ ಅಜ್ಜಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದಕ್ಕೂ ದುಡ್ಡು ಕೊಟ್ಯಾ ಮಗಾ?" ಅಂದಿದ್ದರು. ಚಿತ್ರದುರ್ಗ, ಬಳ್ಳಾರಿ, ಕೊಪ್ಪಳದ ಕಡೆ ನೆಂಟರಿದ್ದರೆ ಕೊಯ್ಲಿನ ಹೊತ್ತಿಗೆ ಒಂದು ಕಟ್ಟು ತೆನೆ ಕಳಿಸಲು ಹೇಳಿ. ಕೊಯ್ಲಿಗೆ ಹತ್ತಿರ ಔಷಧಿ ಹೊಡೆದಿಲ್ಲ ಅಂತ ಕೇಳಿ ಖಚಿತಪಡಿಸಿಕೊಳ್ಳಿ. ಬಂದ ತೆನೆಯನ್ನು ಚೆನ್ನಾಗಿ ಒಣಗಿಸಿ, ಡಬ್ಬದಲ್ಲಿಟ್ಟು ಎರಡು ಮೂರು ದಿನ ಫ್ರೀಜರ್‌ನಲ್ಲಿ ಇರಿಸಿದರೆ ಹುಳು ಬೀಳುವ ಭಯ ಕಡಿಮೆ.

ತೆನೆಯ ಕಾಳಿಗೂ ಬಟ್ಟಲಿನ ಕಾಳಿಗೂ ಪೌಷ್ಟಿಕತೆಯಲ್ಲಿ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಕೆಲಸದಲ್ಲಿ. ಹಕ್ಕಿ ತೆನೆಯನ್ನು ಕಾಲಲ್ಲಿ ಒತ್ತಿ ಹಿಡಿದು, ತಲೆಕೆಳಗಾಗಿ ಜೋತು, ಒಂದೊಂದೇ ಕಾಳು ಕಿತ್ತು, ಹೊಟ್ಟು ಬಿಡಿಸಿ ತಿನ್ನಬೇಕು. ಅರ್ಧ ಗಂಟೆ ಅದಕ್ಕೆ ಬೇರೆ ಲೋಕ ಬೇಡ. ಕೈಗೆ ಬರಲು ಹೆದರುವ ಹೊಸ ಹಕ್ಕಿಗೆ ತೆನೆಯಷ್ಟು ಒಳ್ಳೆಯ ಸೇತುವೆ ಇನ್ನೊಂದಿಲ್ಲ. ಉದ್ದನೆಯ ತೆನೆಯ ಒಂದು ತುದಿ ನಿಮ್ಮ ಕೈಯಲ್ಲಿ, ಇನ್ನೊಂದು ತುದಿ ಹಕ್ಕಿಯ ಬಾಯಲ್ಲಿ. ದಿನಕ್ಕೊಂದು ಬೆರಳಿನಷ್ಟು ಹತ್ತಿರ ಹಿಡಿಯುತ್ತಾ ಬನ್ನಿ. ಪಕ್ಕದ ಮನೆಯ ಹುಡುಗಿ ತನ್ನ ಹಸಿರು ಬಜಿಯನ್ನು ಹೀಗೇ ಪಳಗಿಸಿದಳು. ಹನ್ನೊಂದನೇ ದಿನ ಅದು ಒಂದು ಕಾಲನ್ನು ಅವಳ ಬೆರಳಿನ ಮೇಲಿಟ್ಟಿತು, ಇನ್ನೊಂದನ್ನು ಕೋಲಿನ ಮೇಲೇ ಬಿಟ್ಟಿತ್ತು. ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು.

ಸೂರ್ಯಕಾಂತಿಯ ಕಥೆ ಬೇರೆ. ಸಿಪ್ಪೆ ತೆಗೆದ ಬೀಜದ ಸುಮಾರು ಅರ್ಧ ತೂಕ ಕೊಬ್ಬು. ನವಣೆಯಲ್ಲಿ ಅದು ಶೇಕಡಾ 4ರ ಸುತ್ತಮುತ್ತ. ಕೊಕಟೀಲ್ ದಿನಕ್ಕೆ ತಿನ್ನುವ ಒಣಕಾಳು ಹತ್ತು ಹನ್ನೆರಡು ಗ್ರಾಂ ಇರಬಹುದು. ಅದರ ಜೊತೆ ನಾವು ಮೂವರು ಸೇರಿ ಮೂವತ್ತು ನಲವತ್ತು ಬೀಜ ಹಾಕುತ್ತಿದ್ದೆವು ಎಂದರೆ ಒಂದೂವರೆ ಎರಡು ಗ್ರಾಂ ಎಣ್ಣೆಕಾಳು. ಮನುಷ್ಯರ ಲೆಕ್ಕದಲ್ಲಿ ಹೇಳುವುದಾದರೆ ದಿನಾ ಊಟದ ಮೇಲೊಂದು ತಟ್ಟೆ ಬೋಂಡ. ಕುಸುಬೆ ಸೂರ್ಯಕಾಂತಿಗಿಂತ ಹಗುರ ಅಂತ ಅಂಗಡಿಯವರು ಹೇಳುವುದುಂಟು. ಅದೂ ಎಣ್ಣೆಕಾಳೇ, ನೆಮ್ಮದಿಯಿಂದ ಸುರಿಯುವಂಥದ್ದಲ್ಲ.

ಹಾಗಂತ ಸೂರ್ಯಕಾಂತಿಯನ್ನು ನಾನು ಮನೆಯಿಂದ ಹೊರಗೆ ಹಾಕಿಲ್ಲ. ಹಕ್ಕಿ ಅದಕ್ಕೆ ಪ್ರಾಣ ಬಿಡುತ್ತದಲ್ಲ, ಆ ಆಸೆಯೇ ಅದರ ಬೆಲೆ. ಕೈಮೇಲೆ ಹತ್ತುವುದು, ಕರೆದರೆ ಹಾರಿ ಬರುವುದು, ಸಣ್ಣ ಬುಟ್ಟಿಯೊಳಗೆ ಹೋಗಿ ಕೂರುವುದು (ವೈದ್ಯರ ಬಳಿ ಒಯ್ಯುವಾಗ ಇದು ಎಷ್ಟು ಉಪಕಾರ ಗೊತ್ತೇ!), ಇವಕ್ಕೆ ಅರ್ಧ ಬೀಜ ಸಂಬಳ. ಬೀಜ ಬಟ್ಟಲಿನಲ್ಲೂ ಸಿಕ್ಕರೆ ಆ ಸಂಬಳಕ್ಕೆ ಕಿಮ್ಮತ್ತಿಲ್ಲ. ಈಗ ನಮ್ಮ ಕೊಕಟೀಲ್‌ಗೆ ದಿನಕ್ಕೆ ನಾಲ್ಕು ಬೀಜ, ಅವನ್ನೂ ಒಡೆದು ಎಂಟು ಚೂರು. ಬಜಿಗೆ ಸೂರ್ಯಕಾಂತಿ ಬೇಕೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಮೂವತ್ತು ನಲವತ್ತು ಗ್ರಾಂ ತೂಗುವ ಹಕ್ಕಿ ಅದು, ಗಡ್ಡೆ ಕಟ್ಟುವಷ್ಟು ಕೊಬ್ಬು ಬೇಗ ಸೇರುತ್ತದೆ. ಅದಕ್ಕೆ ತೆನೆಯೇ ಸಾಕು: ಪೆಲೆಟ್ ತಿನ್ನುವುದಾದರೆ ದಿನ ಬಿಟ್ಟು ದಿನ ಒಂದಂಗುಲ, ಕಾಳು ತಿನ್ನುವುದಾದರೆ ಪಳಗಿಸುವ ಹೊತ್ತಿಗೆ ಮಾತ್ರ.

ಕಡ್ಲೆಕಾಯಿ ಬಗ್ಗೆ ಒಂದು ಮಾತು. ಸಿಪ್ಪೆ ಸಮೇತ ಹಸಿ ಕಡ್ಲೆಕಾಯಿಯನ್ನು ಹಕ್ಕಿಗೆ ಕೊಡಬೇಡಿ. ತೇವದಲ್ಲಿ ಅದಕ್ಕೆ ಹಿಡಿಯುವ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ನೇರ ಯಕೃತ್ತಿಗೆ ಹೋಗುತ್ತದೆ. ಬೀಜ ಬೇಕೇ ಬೇಕೆಂದರೆ ದೊಡ್ಡ ಗಿಣಿಗಳಿಗೆ ಉಪ್ಪಿಲ್ಲದ ಬಾದಾಮಿಯ ಚೂರು ವಾಸಿ.

ಸೊಪ್ಪು ತರಕಾರಿ ಮತ್ತು ಹಣ್ಣು

ಹಣ್ಣು ಆರೋಗ್ಯಕ್ಕೆ ಒಳ್ಳೆಯದು ಅನ್ನುವುದು ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಹುಲ್ಲುಕಾಳು ತಿಂದು ಬೆಳೆದ ಕುಲದ ಬಜಿ, ಕೊಕಟೀಲ್‌ಗಳಿಗೆ ಅದು ಅರ್ಧ ಸತ್ಯ. ಈಗಿನ ಹಣ್ಣುಗಳಲ್ಲಿ ಸಕ್ಕರೆ ಜಾಸ್ತಿ, ನೀರು ಜಾಸ್ತಿ. ಕಲ್ಲಂಗಡಿ ತಿಂದ ಮರುದಿನ ಪಂಜರದ ತಳದ ಪೇಪರ್ ಒದ್ದೆಯಾಗಿದ್ದು ನೋಡಿ ಗಾಬರಿಯಾಗುವವರುಂಟು. ಹೆಚ್ಚಿನ ಸಲ ಅದು ಭೇದಿಯಲ್ಲ, ಹಣ್ಣಿನ ನೀರು. ವಾರಕ್ಕೆ ಎರಡು ಸಲ, ಬಜಿಗೆ ಕಡ್ಲೆಕಾಳಿನಷ್ಟು, ಕೊಕಟೀಲ್‌ಗೆ ಅದರ ಎರಡರಷ್ಟು ಹಣ್ಣು ಸಾಕು. ಆ ಎರಡು ಸಲಕ್ಕೆ ಪಪ್ಪಾಯಿಯೋ ಮಾವೋ ಆದರೆ ಎ ವಿಟಮಿನ್ ಸಿಗುತ್ತದೆ. ದಾಳಿಂಬೆ ಕೊಟ್ಟರೆ ಗೋಡೆಯೆಲ್ಲ ಕೆಂಪು, ಆದರೆ ಹಕ್ಕಿಯ ಸಂತೋಷ ನೋಡುವಂಥದ್ದು. ಸೇಬು ಕೊಡುವಾಗ ಬೀಜ ತೆಗೆಯಿರಿ, ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇದೆ.

ನಿಜವಾದ ಬಂಗಾರ ಇರುವುದು ಸೊಪ್ಪಿನ ಕಟ್ಟಿನಲ್ಲಿ. ಕೊತ್ತಂಬರಿ, ಮೆಂತ್ಯ, ನುಗ್ಗೆ ಸೊಪ್ಪು. ತರಕಾರಿಯಲ್ಲಿ ತುರಿದ ಕ್ಯಾರೆಟ್, ಬೇಯಿಸಿದ ಸಿಹಿಗುಂಬಳ, ಬೇಯಿಸಿದ ಗೆಣಸು, ದೊಣ್ಣೆಮೆಣಸಿನಕಾಯಿ. ಕೆಂಪು ಮೆಣಸಿನಕಾಯಿಯನ್ನೂ ಧಾರಾಳ ಕೊಡಬಹುದು: ನಮ್ಮ ನಾಲಿಗೆ ಸುಡುವ ಖಾರ ಹಕ್ಕಿಗೆ ತಗಲುವುದೇ ಇಲ್ಲ, ಒಳಗಿನ ಬೀಜವನ್ನು ಅದು ಹೆಕ್ಕಿ ಹೆಕ್ಕಿ ತಿನ್ನುತ್ತದೆ. ನುಗ್ಗೆ ನನ್ನ ಮೊದಲ ಆಯ್ಕೆ. ಎ ವಿಟಮಿನ್ನೂ ಕ್ಯಾಲ್ಸಿಯಮ್ಮೂ ಎರಡೂ ಇವೆ, ಬೀದಿಗೊಂದು ಮರ ಇದೆ, ಎಲೆ ಸಣ್ಣದಿರುವುದರಿಂದ ಬಜಿಗೂ ಸಲೀಸು. ಒಂದು ರೆಂಬೆಯನ್ನು ತೊಳೆದು ಒದ್ದೆ ಒದ್ದೆಯಾಗಿಯೇ ಪಂಜರದೊಳಗೆ ಸಿಕ್ಕಿಸಿ. ಬಜಿ ಮೊದಲು ಆ ಹನಿಗಳಲ್ಲಿ ಮೈ ಉಜ್ಜಿ ಸ್ನಾನ ಮಾಡುತ್ತದೆ, ಆಮೇಲೆ ಎಲೆ ಹರಿಯುತ್ತದೆ, ಆಮೇಲೆ ಮರೆತು ಒಂದೆರಡು ತಿನ್ನುತ್ತದೆ. ಪಾಲಕ್ ಮತ್ತು ದಂಟಿನ ಸೊಪ್ಪಿನಲ್ಲಿ ಆಕ್ಸಲೇಟ್ ಇದೆ, ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡುಬಿಡುತ್ತದೆ. ಆಗೊಮ್ಮೆ ಈಗೊಮ್ಮೆ ಕೊಡಿ, ದಿನಾ ಬೇಡ. ಯಾವ ಸೊಪ್ಪಾದರೂ ನಾಲ್ಕು ನೀರಿನಲ್ಲಿ ತೊಳೆಯಿರಿ. ನಮ್ಮ ಸಾರಿಗೆ ಹಾಕುವ ಸೊಪ್ಪು ಕುದಿಯುತ್ತದೆ, ಹಕ್ಕಿ ಹಸಿಯಾಗಿಯೇ ತಿನ್ನುತ್ತದೆ.

ಮೊಳಕೆ, ಮೊಟ್ಟೆ

ಹೆಸರುಕಾಳಿನ ಮೊಳಕೆ ಒಳ್ಳೆಯದೇ. ನವಣೆ, ರಾಗಿಯನ್ನೂ ಮೊಳಕೆ ಬರಿಸಬಹುದು. ರಾತ್ರಿ ನೆನೆಸಿ, ಬೆಳಿಗ್ಗೆ ಬಸಿದು, ಹೊತ್ತಿಗೊಮ್ಮೆ ತೊಳೆದು, ಮೂಗುತಿಯಷ್ಟು ಮೊಳಕೆ ಇಣುಕಿದಾಗಲೇ ಕೊಡಬೇಕು. ಹುಳಿ ವಾಸನೆ ಬಂದರೆ, ಅಂಟಂಟಾದರೆ ಗಿಡಕ್ಕೆ ಹಾಕಿ. ಮಂಗಳೂರು, ಕಾರವಾರದ ಸೆಕೆಯಲ್ಲಿ ಮೊಳಕೆ ಕೆಡುವುದು ಬೆಂಗಳೂರಿಗಿಂತ ಬೇಗ. ಅಲ್ಲಿನವರಿಗೆ ನಾನು ಮೊಳಕೆಗಿಂತ ಸೊಪ್ಪನ್ನೇ ಹೇಳುವುದು. ರಾಜ್ಮಾದಂಥ ದೊಡ್ಡ ಕಾಳುಗಳನ್ನು ಹಸಿಯಾಗಿಯೂ ಮೊಳಕೆ ಬರಿಸಿಯೂ ಕೊಡಕೂಡದು.

ಬೇಯಿಸಿದ ಮೊಟ್ಟೆಗೆ ಅದರದೇ ಕಾಲ ಇದೆ. ಗರಿ ಉದುರಿ ಹೊಸ ಗರಿ ಬರುವಾಗ ಹಕ್ಕಿಗೆ ಪ್ರೋಟೀನ್ ಬೇಕು, ಕಾಯಿಲೆಯಿಂದ ಎದ್ದಾಗಲೂ ಬೇಕು. ಆಗ ವಾರಕ್ಕೆ ಎರಡು ಸಲ ಅರ್ಧ ಚಮಚ ಪುಡಿ ಮಾಡಿ ಕೊಡಿ, ಬೇಯಿಸಿದ ಚಿಪ್ಪನ್ನೂ ನುಣ್ಣಗೆ ಪುಡಿ ಮಾಡಿ ಸೇರಿಸಿ, ಎರಡು ಗಂಟೆಯಲ್ಲಿ ಉಳಿದದ್ದನ್ನು ತೆಗೆಯಿರಿ. ಆದರೆ ಹೆಣ್ಣುಹಕ್ಕಿ ಇರುವವರು ಸ್ವಲ್ಪ ಗಮನಿಸಿ. ಮೆತ್ತನೆಯ, ಪ್ರೋಟೀನ್ ತುಂಬಿದ ಆಹಾರ ದಿನಾ ಸಿಕ್ಕರೆ ಅದರ ಮೈಗೆ ಮರಿ ಮಾಡುವ ಕಾಲ ಬಂತೆನ್ನಿಸಿ, ಜೋಡಿ ಇಲ್ಲದಿದ್ದರೂ ಮೊಟ್ಟೆ ಮೇಲೆ ಮೊಟ್ಟೆ ಇಡತೊಡಗುತ್ತದೆ. ಪ್ರತಿ ಚಿಪ್ಪಿಗೂ ಕ್ಯಾಲ್ಸಿಯಂ ಅದರ ಮೂಳೆಯಿಂದ ಹೋಗುತ್ತದೆ. ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ಪಂಜರದಲ್ಲಿ ಕಟಲ್ ಬೋನ್, ಅಂದರೆ ಕ್ಯಾಲ್ಸಿಯಂಗೆ ಹಕ್ಕಿ ಕೆರೆದು ತಿನ್ನುವ ಕಟಲ್ ಮೀನಿನ ಒಳಚಿಪ್ಪು, ಸದಾ ಇರಲಿ.

ಜೇನಿನ ಕಡ್ಡಿಯ ಬದಲು ಅರಳು

ಪೆಟ್ ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಹನಿ ಸ್ಟಿಕ್. ಕಡ್ಡಿಯ ಸುತ್ತ ಕಾಳು ಮೆತ್ತಿದ, ಬಣ್ಣಬಣ್ಣದ ಚೂರು ಸೇರಿಸಿದ ವಸ್ತು. ಕಾಳನ್ನು ಹಿಡಿದಿಡುವುದು ಜೇನು, ಸಕ್ಕರೆಯಂಥ ಸಿಹಿ ಅಂಟು. ನನ್ನ ತಕರಾರು ಸಕ್ಕರೆಯದ್ದಷ್ಟೇ ಅಲ್ಲ. ಒಮ್ಮೆ ತೂಗುಹಾಕಿದರೆ ಅದು ಮುಗಿಯುವವರೆಗೆ ಅಲ್ಲೇ ಇರುತ್ತದೆ, ಹಕ್ಕಿ ಅದರ ಮುಂದೆಯೇ ಕೂತುಬಿಡುತ್ತದೆ, ಬಟ್ಟಲು ಮುಟ್ಟುವುದಿಲ್ಲ. ನಿಮ್ಮ ಕೈಗೂ ಅದಕ್ಕೂ ಸಂಬಂಧವೇ ಇಲ್ಲ.

ಅದಕ್ಕಿಂತ ಉಪ್ಪು ಎಣ್ಣೆ ಇಲ್ಲದ ಜೋಳದ ಅರಳು ಸಾವಿರ ಪಾಲು ಮೇಲು. ಉತ್ತರ ಕರ್ನಾಟಕದ ಮನೆಗಳಲ್ಲಿ ನಾಗರ ಪಂಚಮಿಗೆ ಹುರಿಯುವ ಅದೇ ಅರಳು. ದೊಡ್ಡದಾಗಿ ಕಾಣುತ್ತದೆ, ಒಳಗೆ ಕ್ಯಾಲರಿ ಕಡಿಮೆ, ಹಕ್ಕಿ ಎರಡು ಅರಳನ್ನು ಹರಿದು ಚೂರು ಮಾಡುತ್ತಾ ಹತ್ತು ನಿಮಿಷ ಕಳೆಯುತ್ತದೆ. ಮಂಡಕ್ಕಿಯೂ ಹಗುರವೇ, ಆದರೆ ಅಂಗಡಿಯ ಮಂಡಕ್ಕಿಯಲ್ಲಿ ಸಾಮಾನ್ಯವಾಗಿ ಉಪ್ಪು ಇರುತ್ತದೆ. ನಾಲಿಗೆಗೆ ಇಟ್ಟು ನೋಡಿ. ಸೀತನಿ ಕಾಲದಲ್ಲಿ ಹಾಲು ತುಂಬಿದ ಎಳೆ ಜೋಳದ ತೆನೆ ಸಿಕ್ಕರೆ, ಹುರಿಯದೆ ಹಸಿಯಾಗಿ ಒಂದು ತುಂಡು ಮುರಿದು ಕೊಡಿ. ಅರೆಬಲಿತ ಕಾಳನ್ನು ಬಜಿ ಬಿಡುವುದಿಲ್ಲ.

ನಮ್ಮ ತಟ್ಟೆಯಿಂದ ಕೊಡುವ ಚಪಾತಿ ಚೂರು, ಬಿಸ್ಕತ್ತು, ಮಿಕ್ಸ್‌ಚರ್, ಒಗ್ಗರಣೆ ಅನ್ನ ಇವನ್ನು ಹೋಲಿಕೆಗೇ ತರುವುದಿಲ್ಲ. ಉಪ್ಪು, ಎಣ್ಣೆ, ಸಕ್ಕರೆ ಮೂರೂ ಅಷ್ಟು ಪುಟ್ಟ ಮೈಗೆ ಭಾರ. ಹಾಲನ್ನು ಹಕ್ಕಿಗೆ ಜೀರ್ಣಿಸಿಕೊಳ್ಳಲು ಬರುವುದಿಲ್ಲ. ಬಾಯಲ್ಲಿ ಅಗಿದು ಕೊಡುವುದಂತೂ ಬೇಡ, ನಮ್ಮ ಎಂಜಲಿನ ಬ್ಯಾಕ್ಟೀರಿಯಾ ಅವಕ್ಕೆ ಕಾಯಿಲೆ ತರಬಲ್ಲವು.

ಇಲ್ಲಿ ಒಂದನ್ನು ದಪ್ಪ ಅಕ್ಷರದಲ್ಲಿ ಹೇಳಲೇಬೇಕು. ಬೆಣ್ಣೆಹಣ್ಣು ಕೊಡಬೇಡಿ. ಕೊಡಗಿನಿಂದ ಬರುವ, ನಾವು ಜ್ಯೂಸ್ ಮಾಡಿ ಕುಡಿಯುವ ಅವಕಾಡೊ ಹಕ್ಕಿಗೆ ವಿಷ. ಅದರಲ್ಲಿರುವ ಪರ್ಸಿನ್ ಹೃದಯಕ್ಕೆ ಪೆಟ್ಟು ಕೊಡುತ್ತದೆ, ಒಂದೆರಡು ದಿನದಲ್ಲಿ ಹಕ್ಕಿ ಸಾಯಬಹುದು. 'ನಮಗೆ ಒಳ್ಳೆಯದು, ಅದಕ್ಕೂ ಒಳ್ಳೆಯದು' ಅಂದುಕೊಂಡು ಕೊಟ್ಟು ಅತ್ತವರನ್ನು ಕಂಡಿದ್ದೇನೆ. ಚಾಕೊಲೇಟ್, ಕಾಫಿ, ಚಹಾ, ಈರುಳ್ಳಿ, ಬೆಳ್ಳುಳ್ಳಿ, ಮದ್ಯ ಕೂಡ ಇದೇ ಸಾಲಿನವು. ಮನೆಗೆ ಬರುವ ನೆಂಟರ ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ.

ಯಾರಿಗೆ ಯಾವುದು?

ಕಾಳು ತಿನ್ನುವ ಬಜಿ ಇದ್ದರೆ ಸೊಪ್ಪು ಮೊದಲು, ಪಳಗಿಸುವಾಗ ತೆನೆ, ಹಣ್ಣು ಅಪರೂಪಕ್ಕೆ. ಕೊಕಟೀಲ್‌ಗೆ ಕಲಿಸುವುದಿದ್ದರೆ ಎಣಿಸಿದ ಸೂರ್ಯಕಾಂತಿ, ಬೇಸರ ಕಳೆಯಲು ಅರಳು ಮತ್ತು ನುಗ್ಗೆ ರೆಂಬೆ. ನಿಜವಾದ ಲವ್ ಬರ್ಡ್ ಕಡಿಯುವುದರಲ್ಲಿ ಸುಖ ಕಾಣುವ ಹಕ್ಕಿ, ಅದಕ್ಕೆ ಕ್ಯಾರೆಟ್ಟಿನ ದಪ್ಪ ಬಿಲ್ಲೆ, ಮೆಣಸಿನಕಾಯಿ. ಗುಬ್ಬಿಯಂಥ ಪುಟ್ಟ ಫಿಂಚ್‌ಗಳಿಗೆ ಹಣ್ಣು ದಕ್ಕುವುದು ಕಡಿಮೆ, ಸಣ್ಣಗೆ ಹೆಚ್ಚಿದ ಸೊಪ್ಪು, ಮೊಟ್ಟೆಯ ಪುಡಿ, ತೆನೆ ಸಾಕು. ನಮ್ಮ ನಾಡಿನ ಗಿಣಿಗೆ ಏನು ಕೊಡಬೇಕೆಂದು ಕೇಳುವವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಪಂಜರದಲ್ಲಿಡುವುದೇ ಅಪರಾಧ. ಗಾಯಗೊಂಡ ಗಿಣಿ ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ.

ಯಾವುದನ್ನು ಆರಿಸಿದರೂ ದಿನದ ಟ್ರೀಟನ್ನು ಬೆಳಿಗ್ಗೆಯೇ ಒಂದು ಪುಟ್ಟ ಡಬ್ಬಿಗೆ ಹಾಕಿಡಿ. ಮನೆಯವರೆಲ್ಲ ಅದರಿಂದಲೇ ಕೊಡಬೇಕು, ಖಾಲಿಯಾದರೆ ಆ ದಿನಕ್ಕೆ ಮುಗಿಯಿತು. ನಮ್ಮ ಮನೆಯಲ್ಲಿ ಅದು ಕುಂಕುಮದ ಹಳೆಯ ಸ್ಟೀಲ್ ಭರಣಿ, ಚೆನ್ನಾಗಿ ತೊಳೆದು ಇಟ್ಟಿದ್ದೇವೆ. ಗ್ರಾಂ ತೋರಿಸುವ ಅಡುಗೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ, ಬೆಳಿಗ್ಗೆ ತಿನ್ನುವ ಮೊದಲು ತೂಕ ಹಾಕಿ ಬರೆದಿಡಿ. ಮಾಮೂಲಿ ತೂಕದಲ್ಲಿ ಹತ್ತನೇ ಒಂದು ಪಾಲು ಇಳಿದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಟ್ರೀಟ್ ಬದಲಿಸುವ ಭರದಲ್ಲಿ ಹಳೆಯ ಊಟವನ್ನು ಒಂದೇ ದಿನಕ್ಕೆ ನಿಲ್ಲಿಸಬೇಡಿ, ಗುರುತಿಲ್ಲದ ಆಹಾರದ ಮುಂದೆ ಹಸಿದೇ ಕೂರುವ ಹಕ್ಕಿಗಳಿವೆ.

ನಮ್ಮ ಕೊಕಟೀಲ್ ಕೊತ್ತಂಬರಿಯನ್ನು ಮೊದಲು ನೋಡಿದಾಗ ಬುಸ್ ಎಂದು ಹಿಂದೆ ಸರಿದಿತ್ತು. ದಿನಾ ಬೆಳಿಗ್ಗೆ ಅಮ್ಮ ಸೊಪ್ಪು ಬಿಡಿಸುವಾಗ ಪಂಜರವನ್ನು ಪಕ್ಕಕ್ಕೆ ತಂದಿಟ್ಟುಕೊಳ್ಳುತ್ತಿದ್ದರು. ಒಂದು ಎಲೆ ತಾವು ಬಾಯಿಗೆ ಹಾಕಿಕೊಂಡು, ಒಂದು ದಂಟನ್ನು ಸರಳಿಗೆ ಸಿಕ್ಕಿಸುತ್ತಿದ್ದರು. ಹತ್ತೊಂಬತ್ತನೇ ದಿನ ಅದು ದಂಟನ್ನು ಎಳೆದು ಕೆಳಗೆ ಬಿಸಾಡಿತು. ಇಪ್ಪತ್ತೆರಡನೇ ದಿನ ಎಲೆಯ ಅಂಚನ್ನು ಕಚ್ಚಿ, ಅಮ್ಮನ ಮುಖ ನೋಡಿ, ಮತ್ತೆ ಕಚ್ಚಿತು. ಈಗ ಅದರ ತೂಕ 96 ಗ್ರಾಂ, ಮತ್ತು ಸೊಪ್ಪಿನ ಕಟ್ಟಿನ ಬಾಳೆನಾರು ಬಿಚ್ಚುವ ಸದ್ದಿಗೂ ಜುಟ್ಟು ಏಳುತ್ತದೆ.